ಬೀರುವಿನ ಬಾಗಿಲು ಯಾವ ಕಡೆ?

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿರೋರಿಗೆಲ್ಲ ಈ ಅನುಭವ ಇರುತ್ತೆ. ಒನ್ ಬಿಎಚ್‌ಕೆಗೂ ಟೂ ಬಿಎಚ್‌ಕೆಗೂ ಇರೋದು ಒಂದು ರೂಮಿನ ವ್ಯತ್ಯಾಸ ಅಷ್ಟೇ ಅಂದ್ಕೊಂಡು ನೋಡೋಕೆ ಹೋಗ್ತೀವಿ. ಓನರ್ ಬಾಯಿಂದ ಬಾಡಿಗೆ ಎಷ್ಟು, ಅದರ ಹತ್ತರಷ್ಟು ಅಡ್ವಾನ್ಸು ಎಷ್ಟು ಅಂತ ಕೇಳಿದ ಮೇಲೆ ವಾಪಸ್ ಬರೋ ದಾರೀಲಿ ಗಂಡ ಹೆಂಡತಿ ಮಾತೇ ಆಡೋದಿಲ್ಲ. ಆಟೋ ಸ್ವಲ್ಪ ದೂರ ಬಂದ ಮೇಲೆ ಯಾರಾದರೊಬ್ಬರು "ನಾವಿಬ್ಬರೇ ಅಲ್ವಾ, ಒಂದು ರೂಮು ಧಾರಾಳ ಸಾಕು" ಅಂತಾರೆ. ಇನ್ನೊಬ್ಬರು ತಲೆ ಆಡಿಸ್ತಾರೆ. ಹಾಗೆ ಹಿಡಿದ ಮನೆಗೆ ಒಂದಿನ ಮೂರನೆಯವರು ಬರ್ತಾರೆ. ಓದೋಕೆ ಬಂದ ತಮ್ಮನೋ, ಹುಟ್ಟಿದ ಮಗುವೋ, ಆಪರೇಷನ್ ಆದ ಮಾವನೋ. ನಮ್ಮ ಮನೆಗೆ ಅಮ್ಮ ಬಂದಳು.

ಅಪ್ಪ ತೀರಿಕೊಂಡು ಒಂದು ವರ್ಷ ಅವಳು ತಿಪಟೂರಿನ ಮನೇಲಿ ಒಬ್ಬಳೇ ಇದ್ದಳು. "ಬಾಮ್ಮಾ ಇಲ್ಲಿಗೆ" ಅಂದಾಗೆಲ್ಲ ಒಂದೊಂದು ನೆಪ. ಕಾಯಿ ಕೀಳಿಸ್ಬೇಕು, ಹೆಂಚು ಸರಿ ಮಾಡಿಸ್ಬೇಕು, ವರ್ಷದ ಕಾರ್ಯ ಮುಗೀಲಿ. ಎಲ್ಲ ಮುಗಿದು ಹೇಳೋಕೆ ನೆಪ ಉಳಿಯದೇ ಇದ್ದಾಗ ಒಪ್ಪಿಕೊಂಡಳು. ಒಪ್ಪುವಾಗ ಒಂದು ಮಾತು ಹೇಳಿದಳು: "ನನಗೆ ಅಂತ ಏನೂ ಮಾಡಬೇಡ ಕಣೇ. ರಾತ್ರಿ ಹಾಲಲ್ಲಿ ಒಂದು ಹಾಸಿಗೆ ಹಾಸ್ಕೋತೀನಿ, ಬೆಳಗ್ಗೆ ಎದ್ದು ಸುತ್ತಿಡ್ತೀನಿ."

ಆ "ಸುತ್ತಿಡ್ತೀನಿ" ನನಗೆ ಸರಿ ಕಾಣಲಿಲ್ಲ. ರಾತ್ರಿ ಹಾಸಿ ಬೆಳಗ್ಗೆ ಸುತ್ತಿಡೋದು ನೆಂಟರು. ನಾಲ್ಕು ದಿನಕ್ಕೆ ಅದು ಚೆಂದ. ವರ್ಷಗಟ್ಟಲೆ ಇರೋಕೆ ಬಂದ ಅರವತ್ತೆರಡು ವರ್ಷದ ಹೆಂಗಸು ಮಧ್ಯಾಹ್ನ ಎರಡು ಗಂಟೆಗೆ ಸೊಂಟ ನೋವು ಅಂತ ಮಲಗಬೇಕು ಅಂದ್ರೆ ಎಲ್ಲಿ ಮಲಗೋದು? ನನ್ನ ಗಂಡನಿಗೆ ವಾರದಲ್ಲಿ ಮೂರು ದಿನ ವರ್ಕ್ ಫ್ರಮ್ ಹೋಮ್. ಹಾಲಲ್ಲೇ ಕೂತು ಕಾಲ್ ಮೇಲೆ ಕಾಲ್. ಅಳಿಯ ಎದುರಿಗೆ ಕೂತಿರುವಾಗ ಅಮ್ಮ ಕಾಲು ಚಾಚಿ ಮಲಗ್ತಾಳೆ ಅನ್ನೋದು ಕನಸಿನ ಮಾತು. ಬೆಡ್‌ರೂಮು ನೀನು ತಗೋ, ನಾವು ಹಾಲಲ್ಲಿ ಇರ್ತೀವಿ ಅಂದದ್ದಕ್ಕೆ "ಜನ ಕೇಳಿದ್ರೆ ನಗ್ತಾರೆ" ಅಂತ ಅವಳೇ ಮಾತು ಮುಗಿಸಿದಳು.

ಹಾಗಾದ್ರೆ ಹಾಲನ್ನೇ ಎರಡು ಮಾಡಬೇಕು. ಹೇಗೆ? ಜಿಪ್ಸಮ್ ಬೋರ್ಡಿನ ಪಾರ್ಟಿಷನ್ ಅಂತ ಬಾಯಿಬಿಟ್ಟ ತಕ್ಷಣ ಓನರ್ ಅಗ್ರಿಮೆಂಟು ತೆಗೆದರು. ನಿಮಗೂ ಗೊತ್ತಲ್ಲ, ಹನ್ನೊಂದು ತಿಂಗಳ ಅಗ್ರಿಮೆಂಟು. ಒಂದು ವರ್ಷ ತುಂಬಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತೆ ಅಂತ ಹನ್ನೊಂದಕ್ಕೇ ನಿಲ್ಲಿಸೋ ಅಗ್ರಿಮೆಂಟು. ಹನ್ನೊಂದು ತಿಂಗಳಿಗೆ ಇರೋರು ಗೋಡೆ ಕಟ್ಟೋ ಮಾತಾಡಬಾರದು. ಪರದೆ ಹಾಕಿದರೆ ಫ್ಯಾನ್ ಗಾಳಿಗೆ ಹಾರುತ್ತೆ, ಹಿಂದೆ ದೀಪ ಹಾಕಿದ್ರೆ ನೆರಳು ಕಾಣುತ್ತೆ. ಅಂಗಡೀಲಿ ಚೆಂದ ಚೆಂದದ ಮರದ ಜಾಲರಿ ಪರದೆಗಳಿವೆ, ಮಡಚೋವು. ಆದರೆ ಅವು ಒಳಗೇನನ್ನೂ ಇಟ್ಟುಕೊಳ್ಳೋದಿಲ್ಲ. ಅಮ್ಮ ಬಂದರೆ ಅಮ್ಮನ ಜೊತೆ ಸೀರೆ, ಕಂಬಳಿ, ಮಾತ್ರೆ ಡಬ್ಬಿ, ಎಲ್ಲೈಸಿ ಕಾಗದ ಎಲ್ಲ ಬರುತ್ತಲ್ಲ.

ಸಾಲದ್ದಕ್ಕೆ ಅಮ್ಮನೂ ಒಂದು ಷರತ್ತು ಹಾಕಿದಳು. "ಬರೋದಾದ್ರೆ ನನ್ನ ಬೀರು ತರ್ತೀನಿ."

ಅದು ಅವಳ ಮದುವೇಲಿ ತಾತ ಕೊಡಿಸಿದ ಬೀರು. ಒಂದು ಬಾಗಿಲಿಗೆ ಉದ್ದ ಕನ್ನಡಿ, ಒಳಗೆ ಲಾಕರ್, ತಿರುಗಿಸಿದರೆ ಇಡೀ ಬೀದಿಗೆ ಕೇಳೋ ಹಿಡಿ. ನಮ್ಮ ಮನೇಲಿ ಅದಕ್ಕೆ ಗಾದ್ರೇಜ್ ಬೀರು ಅಂತಲೇ ಹೆಸರು. ಮಾಡಿದ್ದು ಮಾತ್ರ ತುಮಕೂರಿನ ಯಾವುದೋ ವೆಲ್ಡಿಂಗ್ ಅಂಗಡಿಯವರು. ಗೋದ್ರೇಜ್ ಕಂಪನಿ ಸ್ಟೀಲ್ ಬೀರು ಮಾಡೋಕೆ ಶುರು ಮಾಡಿದ್ದು 1923ರಲ್ಲಿ. ಅಲ್ಲಿಂದ ಈಚೆಗೆ ಎಷ್ಟು ಮನೆ ಹೊಕ್ಕಿತು ಅಂದ್ರೆ, ಯಾರು ಮಾಡಿದ ಬೀರುವಾದರೂ ಅದೇ ಹೆಸರಾಯ್ತು. ಹೆಣ್ಣುಮಕ್ಕಳಿಗೆ ಆಸ್ತಿ ಅಂತ ಹೆಚ್ಚೇನೂ ಕೊಡದ ಕಾಲದಲ್ಲಿ ಬೀಗದ ಕೈ ಸಮೇತ ಕೊಟ್ಟ ಜಾಗ ಅದೊಂದೇ. ಆರೂವರೆ ಅಡಿ ಎತ್ತರ, ಮೂರಡಿ ಅಗಲ, 19 ಇಂಚು ಆಳ.

"ಸರಿ, ಎಲ್ಲಿ ಇಡೋದು?" ಅಂದ ನನ್ನ ಗಂಡ. ಪ್ರಶ್ನೆ ನ್ಯಾಯವಾದದ್ದೇ. ಹಾಲಿನ ಒಂದು ಗೋಡೆಗೆ ಟಿವಿ, ಒಂದಕ್ಕೆ ಸೋಫಾ, ಒಂದರಲ್ಲಿ ಬಾಲ್ಕನಿ ಬಾಗಿಲು, ಇನ್ನೊಂದರಲ್ಲಿ ಅಡುಗೆಮನೆ ಮತ್ತು ರೂಮಿನ ಬಾಗಿಲು. ಖಾಲಿ ಗೋಡೆ ಅನ್ನೋದೇ ಇಲ್ಲ.

"ಗೋಡೆ ಇಲ್ಲ ಅಂದ್ರೆ ಬೀರುನೇ ಗೋಡೆ ಮಾಡೋಣ" ಅಂದೆ.

ಇದೇನೂ ನನ್ನ ತಲೆಯಿಂದ ಹುಟ್ಟಿದ್ದಲ್ಲ. ನಮ್ಮಜ್ಜಿ ಮನೆಯ ನಡುಮನೇಲಿ ಸಾಲಾಗಿ ವಾಡೆಗಳಿದ್ದವು. ಮಣ್ಣಿನ ಉಂಗುರದ ಮೇಲೆ ಉಂಗುರ ಇಟ್ಟು ಮೆತ್ತಿ ಮಾಡಿದ, ಆಳೆತ್ತರದ ವಾಡೆ. ಒಳಗೆ ರಾಗಿ, ಭತ್ತ, ಅವರೆ. ಆ ಸಾಲಿನ ಹಿಂದೆ ಕತ್ತಲೆ ಕತ್ತಲೆಯಾದ ಒಂದು ಜಾಗ. ಅದಕ್ಕೆ ರೂಮು ಅಂತ ಯಾರೂ ಅನ್ನುತ್ತಿರಲಿಲ್ಲ. ಆದರೆ ಬಾಣಂತಿಯರು ಮಲಗ್ತಿದ್ದದ್ದು, ಹೆಂಗಸರು ಸೀರೆ ಬದಲಾಯಿಸ್ತಿದ್ದದ್ದು, ಹೊಸದಾಗಿ ಮದುವೆಯಾದೋರಿಗೆ ಜಾಗ ಮಾಡಿಕೊಡ್ತಿದ್ದದ್ದು ಎಲ್ಲ ಅಲ್ಲೇ. ಕಾಳು ತುಂಬಿಡೋದೂ ಮರೆ ಮಾಡೋದೂ ಒಂದೇ ಸಾಮಾನು.

ಅಮೆರಿಕದಲ್ಲಿ ಜಾರ್ಜ್ ನೆಲ್ಸನ್ ಅನ್ನೋ ವಿನ್ಯಾಸಗಾರ 1945ರಲ್ಲಿ ಇದನ್ನೇ ಹೊಸ ವಿಚಾರ ಅಂತ ಮುಂದಿಟ್ಟ. ಒಳಗಿನ ಗೋಡೆಗಳು ಟೊಳ್ಳು, ಆ ಟೊಳ್ಳು ದಂಡ ಹೋಗ್ತಿದೆ, ಅದನ್ನೇ ಸ್ವಲ್ಪ ದಪ್ಪ ಮಾಡಿದರೆ ಎರಡೂ ಕಡೆಯಿಂದ ಸಾಮಾನು ಇಡಬಹುದಲ್ಲ ಅಂತ. ಅದಕ್ಕೆ "ಸ್ಟೋರೇಜ್‌ವಾಲ್" ಅಂತ ಹೆಸರಿಟ್ಟ, ಲೈಫ್ ಪತ್ರಿಕೇಲಿ ಬಂತು, ಹೆಸರಾಯ್ತು. ನಮ್ಮಜ್ಜಿಯ ಹೆಸರು ಎಲ್ಲೂ ಬರಲಿಲ್ಲ.

ಭಾನುವಾರ ಟೇಪು ಹಿಡಿದು ಕೂತೆವು. ಹಾಲು 17 ಅಡಿ ಉದ್ದ, 11 ಅಡಿ ಅಗಲ. ಅಮ್ಮನ ಬೀರು 3 ಅಡಿ, ನಮ್ಮ ಮದುವೇಲಿ ಕೊಂಡ ಮರದ ವಾರ್ಡ್‌ರೋಬ್ 4 ಅಡಿ. ಎರಡೂ ಪಕ್ಕ ಪಕ್ಕ ಅಡ್ಡಡ್ಡ ಇಟ್ಟರೆ 7 ಅಡಿಯ ಗೋಡೆ, ಓಡಾಡೋಕೆ 4 ಅಡಿ ದಾರಿ, ದಾರಿಗೊಂದು ಪರದೆ. ಸೂರು 10 ಅಡಿ ಎತ್ತರ ಇರೋದ್ರಿಂದ ಮೇಲೆ ಮೂರಡಿ ಖಾಲಿ. ಅಲ್ಲಿಂದ ಬೆಳಕೂ ಗಾಳಿಯೂ ದಾಟುತ್ತೆ. ಇದು ಮುಖ್ಯ. ಸೂರಿನವರೆಗೆ ಮುಚ್ಚಿಬಿಟ್ಟರೆ ಒಂದು ಕಡೆಯವರು ಹಗಲಲ್ಲೂ ಲೈಟು ಹಾಕ್ಕೊಂಡು ಕೂರಬೇಕಾಗುತ್ತೆ.

ಬಾಲ್ಕನಿ ಇರೋ ಕಡೆ ಯಾರಿಗೆ? ಬೆಳಕು ಇರೋದು ಅಲ್ಲೇ, ಬಟ್ಟೆ ಒಣಗಿಸೋ ತಂತಿ ಇರೋದೂ ಅಲ್ಲೇ. ಆ ಕಡೆ ಅಮ್ಮನಿಗೆ ಕೊಟ್ಟರೆ ನಾವು ಟವೆಲ್ ತರೋಕೂ ಅವಳ ಜಾಗ ದಾಟಬೇಕು. ಕೊಡದೇ ಇದ್ದರೆ ಅವಳಿಗೆ ಆಕಾಶವೇ ಇಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ತುಳಸಿ ಪಾಟು ಇಡೋಕೆ ಆಗುತ್ತಾ?" ಅಂದಳು. ಬಾಲ್ಕನಿ ಅವಳದಾಯ್ತು.

ಆಮೇಲೆ ಬಂದದ್ದೇ ಅಸಲೀ ಪ್ರಶ್ನೆ. ಬೀರುವಿನ ಬಾಗಿಲು ಯಾವ ಕಡೆ ಇರಬೇಕು?

ನಗಬೇಡಿ, ಎರಡು ದಿನ ಮಾತಾಡಿದ್ದೀವಿ. ಬೀರುವಿಗೆ ಮುಖ ಒಂದು ಕಡೆ, ಬೆನ್ನು ಒಂದು ಕಡೆ. ಬೆನ್ನು ಯಾವಾಗಲೂ ಕುರೂಪ. ಗೋಡೆಗೆ ಅಂಟಿ ನಿಲ್ಲೋದು ಅಂತ ಮಾಡಿದೋರು ಅಲ್ಲಿಗೆ ಬಣ್ಣ ಕೂಡ ಸರಿಯಾಗಿ ಬಳಿದಿರೋದಿಲ್ಲ. ನನ್ನ ಗಂಡ ಹೇಳಿದ, ಎರಡರ ಬಾಗಿಲೂ ಹಾಲಿನ ಕಡೆ ಇರಲಿ, ಮನೆಗೆ ಯಾರಾದ್ರೂ ಬಂದರೆ ನೋಡೋಕೂ ಚೆನ್ನಾಗಿರುತ್ತೆ, ನಾವು ಬಟ್ಟೆ ತೆಗೆಯೋಕೆ ಅತ್ತೆಗೆ ತೊಂದರೆ ಕೊಡೋ ಹಾಗೂ ಇಲ್ಲ. ಲೆಕ್ಕ ಸರಿ. ಆದರೆ ಹಾಗೆ ಮಾಡಿದರೆ ಅಮ್ಮನ ಪಾಲಿಗೆ ಬರೋದು ಎರಡು ಬೆನ್ನು. ತನ್ನ ಸೀರೆ ತೆಗೆಯೋಕೆ ಅವಳು ಪರದೆ ಸರಿಸಿ ನಮ್ಮ ಕಡೆ ಬರಬೇಕು, ಅಳಿಯ ಕಾಲಲ್ಲಿದ್ದಾನಾ ನೋಡಬೇಕು, ಸದ್ದಾಗದ ಹಾಗೆ ಹಿಡಿ ತಿರುಗಿಸಬೇಕು. ಬೀಗದ ಕೈ ಅವಳ ಸೊಂಟದಲ್ಲಿ, ಬೀಗ ನಮ್ಮ ಹಾಲಲ್ಲಿ.

ಈ ಮಾತು ಬಂದಾಗ ನನಗೆ ನೆನಪಾದದ್ದು ಈಡಿತ್ ಫಾರ್ನ್ಸ್‌ವರ್ತ್. ಷಿಕಾಗೋದ ವೈದ್ಯೆ, ಒಂಟಿಯಾಗಿದ್ದವಳು. ವಾರದ ಕೊನೆಗೆ ಹೋಗಿ ಇರೋಕೆ ಅಂತ ಇಲಿನಾಯ್ ರಾಜ್ಯದ ಪ್ಲಾನೋ ಊರಿನ ಹತ್ತಿರ, ಫಾಕ್ಸ್ ನದಿ ಪಕ್ಕ, ಮೀಸ್ ವಾನ್ ಡೆರ್ ರೋಹ್ ಅನ್ನೋ ಬಹಳ ದೊಡ್ಡ ವಾಸ್ತುಶಿಲ್ಪಿ ಹತ್ತಿರ ಮನೆ ಕಟ್ಟಿಸಿದಳು. 1951ರಲ್ಲಿ ಮುಗೀತು. ನಾಲ್ಕೂ ಕಡೆ ಗಾಜು, ಒಳಗೆ ಒಂದೇ ಒಂದು ದೊಡ್ಡ ಜಾಗ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇವತ್ತಿಗೂ ಅದನ್ನ ನೋಡೋಕೆ ಹೋಗ್ತಾರೆ. ಮಲಗೋ ಜಾಗಕ್ಕೆ ಮರೆ ಮಾಡೋದು ಒಂದು ಮರದ ಬಟ್ಟೆ ಕಪಾಟು, ಅದೂ ಯಾವ ಗೋಡೆಗೂ ತಾಗದೆ ನಿಂತದ್ದು. ಮೀಸ್ ಅದನ್ನ ಐದಡಿ ಎತ್ತರ ಇಡೋಣ ಅಂದನಂತೆ, ಅನುಪಾತ ಚೆನ್ನಾಗಿರುತ್ತೆ ಅಂತ. ಆಕೆಯ ಎತ್ತರ ಆರಡಿ! ಬಟ್ಟೆ ಬದಲಾಯಿಸುವಾಗ ತನ್ನ ತಲೆ ಒಂದೇ ಕಪಾಟಿನ ಮೇಲೆ ತೇಲಾಡ್ತಾ ಇರೋದು ತನಗೆ ಬೇಡ ಅಂತ ಆಕೆ ಪತ್ರಿಕೆಯವರ ಹತ್ತಿರ ಹೇಳಿಕೊಂಡಳು. ಖರ್ಚಿನ ವಿಷಯಕ್ಕೆ ಇಬ್ಬರೂ ಕೋರ್ಟಿಗೂ ಹೋದರು. ಆ ಮನೆಯ ಚೆಂದದ ಬಗ್ಗೆ ನನಗೆ ತಕರಾರಿಲ್ಲ. ಮರೆ ಎಷ್ಟೆತ್ತರ ಇರಬೇಕು ಅನ್ನೋದನ್ನ ಅದರ ಹಿಂದೆ ನಿಲ್ಲೋರ ಹತ್ತಿರ ಕೇಳಬೇಕಿತ್ತು, ಅಷ್ಟೇ.

ಕೊನೆಗೆ ನಮ್ಮಲ್ಲಿ ಆದ ತೀರ್ಮಾನ: ಅಮ್ಮನ ಬೀರುವಿನ ಬಾಗಿಲು ಅಮ್ಮನ ಕಡೆ, ನಮ್ಮ ವಾರ್ಡ್‌ರೋಬಿನ ಬಾಗಿಲು ನಮ್ಮ ಕಡೆ. ಒಂದು ಆಚೆ ನೋಡುತ್ತೆ, ಒಂದು ಈಚೆ. ಇದರಿಂದ ಇನ್ನೊಂದು ಲಾಭವೂ ಇದೆ, ಅದು ಆಚಾರ್ರು ಹೇಳಿಕೊಟ್ಟದ್ದು.

ಗೋಡೆಗೆ ಒರಗಿದ ಬೀರು ಹಿಂದಕ್ಕೆ ಬೀಳೋದಿಲ್ಲ. ನಡುಮನೇಲಿ ನಿಂತ ಬೀರು ಎರಡು ಕಡೆಗೂ ಬೀಳಬಹುದು. ಎತ್ತರ 78 ಇಂಚು, ಆಳ 19 ಇಂಚು, ಅಂದ್ರೆ ನಾಲ್ಕು ಪಟ್ಟು ಎತ್ತರ. ಬಾಗಿಲು ಪೂರ್ತಿ ತೆಗೆದಾಗ ತೂಕ ಮುಂದಕ್ಕೆ ಬರುತ್ತೆ. ಮಕ್ಕಳು ಕೆಳಗಿನ ಅರೆಗೆ ಕಾಲಿಟ್ಟು ಹತ್ತಿದರೆ ಕೇಳೋದೇ ಬೇಡ. ಅಮೆರಿಕದಲ್ಲಿ ಡ್ರಾಯರ್ ಕಪಾಟುಗಳು ಉರುಳಿ ಮಕ್ಕಳು ಸತ್ತ ಮೇಲೆ 2016ರಲ್ಲಿ ಐಕಿಯಾ ಸುಮಾರು 2.9 ಕೋಟಿ ಕಪಾಟುಗಳನ್ನ ವಾಪಸ್ ಕರೆಯಬೇಕಾಯ್ತು. ಗೋಡೆಗೆ ಬಿಗಿಯದೆ ನಿಲ್ಲಿಸಿದ್ದೇ ಅಲ್ಲಿ ಅಪಾಯ. ಹಾಗಾಗಿ ನೀವು ಇದನ್ನ ಮಾಡೋದಾದ್ರೆ ಬರೀ ನಿಲ್ಲಿಸಿ ಕೈ ಬಿಡಬೇಡಿ.

ನಮ್ಮ ಆಚಾರ್ರು ಮಾಡಿದ್ದು ಇಷ್ಟು. ಅಮ್ಮನ ಬೀರುವಿನ ಒಂದು ಪಕ್ಕ ಹಾಲಿನ ಗೋಡೆಗೆ ಅಂಟಿಸಿ ನಿಲ್ಲಿಸಿ, ಮೇಲೊಂದು ಕೆಳಗೊಂದು ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿದರು. ಅದರ ಇನ್ನೊಂದು ಪಕ್ಕಕ್ಕೆ ವಾರ್ಡ್‌ರೋಬ್ ಸೇರಿಸಿ ನಾಲ್ಕು ಕಡೆ ಬೋಲ್ಟು ಹಾಕಿದರು. ಒಂದರ ಮುಖ ಆಚೆ, ಒಂದರದು ಈಚೆ ಇರೋದ್ರಿಂದ, ಒಂದು ತನ್ನ ಮುಂದಕ್ಕೆ ವಾಲಬೇಕು ಅಂದ್ರೆ ಇನ್ನೊಂದು ಹಿಂದಕ್ಕೆ ವಾಲಬೇಕು. ಎರಡೂ ಒಂದನ್ನೊಂದು ಹಿಡಿದುಕೊಂಡಿರುತ್ತೆ. ಕೆಳಗಿನ ಅರೆಗಳಲ್ಲಿ ಭಾರದ್ದು, ಅಂದ್ರೆ ಪಾತ್ರೆ, ಪುಸ್ತಕ, ಕಂಬಳಿ. ಮೇಲೆ ಹಗುರದ್ದು. ನೆಲ ಒಂದು ಕಡೆ ಇಳಿಜಾರಿದ್ದದ್ದಕ್ಕೆ ಕಾಲಿನ ಕೆಳಗೆ ಮರದ ಚಕ್ಕೆ. ವಾರ್ಡ್‌ರೋಬಿನ ಬೆನ್ನಿಗೆ ಇರೋದು ಮೂರು ಮಿಲಿಮೀಟರಿನ ತೆಳು ಹಲಗೆ, ಅದಕ್ಕೆ ಮೊಳೆ ಹೊಡೆದು ಏನನ್ನೂ ನೇತು ಹಾಕಬಾರದು. ಆ ತೆಳು ಹಲಗೆಯೇ ಇಡೀ ಕಪಾಟು ಸೊಟ್ಟ ಆಗದ ಹಾಗೆ ಹಿಡಿದಿರೋದು. ಸಾಮಾನು ತುಂಬಿದ ಮೇಲೆ ಎಳೆದಾಡಬಾರದು, ಕೀಲು ಸಡಿಲ ಆಗುತ್ತೆ. ಖಾಲಿ ಮಾಡಿ ಎತ್ತಿಡಬೇಕು.

ಗೋಡೇಲಿ ತೂತು ಹಾಕೋಕೆ ಓನರ್ ಹತ್ತಿರ ಮೊದಲೇ ಕೇಳಿದ್ದೆವು. "ಮೊಳೆ ಹೊಡೀಬಾರದು ಅಂತ ಬರೆದಿದೆಯಲ್ಲ" ಅಂದರು. ಅಂಕಲ್, ನಮ್ಮಮ್ಮನ ಮೇಲೆ ಬೀರು ಬಿದ್ದರೆ ಅಂದೆ. ಒಂದು ಕ್ಷಣ ಸುಮ್ಮನಿದ್ದು "ನಾಲ್ಕೇ ನಾಲ್ಕು ತೂತು. ಪೇಂಟಿಂಗ್ ದುಡ್ಡು ಹೇಗೂ ಅಡ್ವಾನ್ಸಲ್ಲಿ ಹಿಡ್ಕೋತೀನಲ್ಲ" ಅಂದರು.

ಅಮ್ಮನ ಬೀರುವಿನ ಬೆನ್ನು ಈಗ ನಮ್ಮ ಹಾಲಿಗೆ ಮುಖ. ಅದಕ್ಕೆ ಇಳಕಲ್ ಸೀರೆಯ ಹಳೇ ಸೆರಗೊಂದನ್ನ ಮ್ಯಾಗ್ನೆಟ್ಟಲ್ಲಿ ಅಂಟಿಸಿದ್ದೀನಿ. ಸ್ಟೀಲ್ ಬೀರುವಿನ ಈ ಗುಣ ಯಾರೂ ಹೇಳೋದಿಲ್ಲ ನೋಡಿ, ಮೊಳೆಯೇ ಬೇಡ. ಅಮ್ಮ ತನ್ನ ಕಡೆ ಬೀರುವಿನ ಬಾಗಿಲಿಗೆ ಅಪ್ಪನ ಫೋಟೋ, ಪಂಚಾಂಗದ ಕ್ಯಾಲೆಂಡರು, ಬೆಳಗಿನ ಮಾತ್ರೆ ರಾತ್ರಿ ಮಾತ್ರೆಯ ಪಟ್ಟಿ ಅಂಟಿಸಿಕೊಂಡಿದ್ದಾಳೆ.

ಅವಳ ಕಡೆಯ ಟ್ಯೂಬ್‌ಲೈಟಿನ ಸ್ವಿಚ್ಚು ಮಾತ್ರ ನಮ್ಮ ಕಡೆ ಉಳಿದಿತ್ತು. ನಾವು ದೀಪ ಆರಿಸಿದರೆ ಅವಳಿಗೆ ಕತ್ತಲು. ಅದಕ್ಕೆ ಮೊದಲ ದಿನವೇ ಎಕ್ಸ್‌ಟೆನ್ಷನ್ ಎಳೆದು ಮಂಚದ ಪಕ್ಕ ಒಂದು ಲ್ಯಾಂಪು, ಒಂದು ಟೇಬಲ್ ಫ್ಯಾನು ಕೊಟ್ಟೆವು. ಯಾವಾಗ ಮಲಗಬೇಕು ಅನ್ನೋದು ಅವರವರ ಕೈಯಲ್ಲೇ ಇರಬೇಕಲ್ಲ.

ಶುರುವಿನಲ್ಲಿ ನಾನು ಬಟ್ಟೆ ಒಣಗಿಸೋಕೆ ಹೋಗುವಾಗ ಪರದೆ ಹತ್ತಿರ ನಿಂತು "ಅಮ್ಮಾ, ಬರ್ಲಾ?" ಅಂತಿದ್ದೆ. ಅವಳಿಗೆ ಸಿಟ್ಟೇ ಬಂತು. "ಏನೇ ಇದು, ಹೊರಗಿನೋರ ಥರ ಕೇಳ್ತೀಯಾ?" ನಮ್ಮ ಮನೆಗಳಲ್ಲಿ ಯಾರೂ ಯಾರನ್ನೂ ಕೇಳಿ ಬಂದದ್ದಿಲ್ಲ. ಅಪ್ಪ ಕೂಡ ಕೆಮ್ಮಿ ಬರ್ತಿದ್ದರು ಅಷ್ಟೇ. ಅವಳು ಬೈದರೂ ನಾನು ಬಿಡಲಿಲ್ಲ. ನನ್ನ ಗಂಡನಂತೂ "ಅತ್ತೆ, ಟವೆಲ್ ತಗೊಳ್ಲಾ?" ಅಂತ ಪರದೆಯಿಂದ ಎರಡು ಹೆಜ್ಜೆ ಹಿಂದೆಯೇ ನಿಲ್ತಾನೆ. ತಿಂಗಳೆರಡು ಕಳೀತು. ಒಂದಿನ ನಾನು "ಬರ್ಲಾ?" ಅಂದೆ. ಒಳಗಿಂದ ಉತ್ತರ ಬರಲಿಲ್ಲ. ಬಕೆಟ್ ಹಿಡಿದು ನಿಂತೇ ಇದ್ದೆ. ಆಮೇಲೆ "ಒಂದ್ನಿಮಿಷ ಇರು" ಅಂದಳು. ಮತ್ತೆ ಸ್ವಲ್ಪ ಹೊತ್ತಾದ ಮೇಲೆ "ಬಾ" ಅಂದಳು. ಒಳಗೆ ಹೋದರೆ ಅಂಥಾದ್ದೇನೂ ಇಲ್ಲ, ತಲೆ ಬಾಚಿಕೊಳ್ತಾ ಇದ್ದಳು. ನನಗೆ ಮಾತ್ರ ಬಹಳ ಖುಷಿಯಾಯ್ತು. ಅಮ್ಮ ತನ್ನ ಜೀವನದಲ್ಲಿ ಯಾರಿಗಾದರೂ "ಒಂದ್ನಿಮಿಷ ಇರು, ಆಮೇಲೆ ಬಾ" ಅಂದದ್ದನ್ನ ನಾನು ಕೇಳಿದ್ದು ಅದೇ ಮೊದಲು. ಆ ದಿನದಿಂದ ಅದು ರೂಮು ಅಂತ ನನ್ನ ಲೆಕ್ಕ.

ಬೀರು ಕಣ್ಣಿಗೆ ಅಡ್ಡ, ಕಿವಿಗೆ ಅಡ್ಡ ಅಲ್ಲ. ಒಳಗೆ ಬಟ್ಟೆ ತುಂಬಿರೋದ್ರಿಂದ ಸದ್ದು ಒಂಚೂರು ಮೆತ್ತಗಾಗುತ್ತೆ ನಿಜ, ಆದರೆ ಮೇಲಿನ ಮೂರಡಿಯಿಂದ ಎಲ್ಲ ದಾಟಿ ಬರುತ್ತೆ. ಕ್ರಿಕೆಟ್ಟಿಗೆ ಈಗ ಹೆಡ್‌ಫೋನು. ನಮ್ಮಿಬ್ಬರ ಜಗಳಗಳು ಬೆಡ್‌ರೂಮಿಗೆ ಹೋಗಿ, ಅದೂ ವಾಟ್ಸಾಪಲ್ಲಿ. ಅಮ್ಮನ ಬೆಳಗಿನ ಐದೂವರೆಯ ಸುಪ್ರಭಾತ ನಮಗೂ ಸುಪ್ರಭಾತ. ಅರ್ಧ ಹಾಲು ಹೋಯ್ತು, ಸೋಫಾ ಮಾರಿದೆವು, ನಾಲ್ಕಕ್ಕಿಂತ ಹೆಚ್ಚು ಜನ ಬಂದರೆ ಕೆಲವರು ಅಡುಗೆಮನೇಲಿ ನಿಲ್ತಾರೆ. ನನ್ನ ಗಂಡ ಒಂದೊಂದು ದಿನ ಆ ಬೀರುವಿನ ಬೆನ್ನನ್ನೇ ನೋಡ್ತಾ ಕೂತಿರ್ತಾನೆ. ಅವನಿಗೆ ಕಷ್ಟ ಇಲ್ಲ ಅಂತ ನಾನು ಹೇಳೋದಿಲ್ಲ.

ಒಂದು ರಾತ್ರಿ ಎರಡು ಗಂಟೆ ಇರಬೇಕು, ನೀರು ಕುಡಿಯೋಕೆ ಎದ್ದೆ. ಬೀರುವಿನ ಬಾಗಿಲು ಕಿರ್ರ್ ಅಂದದ್ದು ಕೇಳಿಸ್ತು. ಅಪ್ಪನ ಎರಡು ಅಂಗಿ ಅದರ ಮೇಲಿನ ಅರೇಲಿ ಇರೋದು ನನಗೆ ಗೊತ್ತು. ಆಮೇಲೆ ಬಾಯಿಗೆ ಬಟ್ಟೆ ಒತ್ತಿಕೊಂಡು ಅಳೋ ಸದ್ದು. ಅಪ್ಪ ಹೋದಾಗ ಜನ ತುಂಬಿದ್ದ ಮನೇಲಿ ಅವಳು ಸರಿಯಾಗಿ ಅತ್ತದ್ದೇ ನಾನು ನೋಡಿರಲಿಲ್ಲ. ಬಂದೋರಿಗೆ ಕಾಫಿ ಆಯ್ತಾ, ಊಟ ಆಯ್ತಾ ಅಂತ ಓಡಾಡ್ತಾ ಇದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಪರದೆ. ನಾನು ಇಡಲಿಲ್ಲ. ಕತ್ತಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದು ಮಲಗಿದೆ. ಬೆಳಗ್ಗೆ ನನ್ನ ಗಂಡ, ಬೀರು ಕೀಲಿಗೆ ಎಣ್ಣೆ ಬಿಡಬೇಕು ಅತ್ತೆ, ಕಿರುಗುಟ್ಟುತ್ತೆ ಅಂದ. "ಇರಲಿ ಬಿಡಿ, ಅದು ಮೊದಲಿಂದಲೂ ಹಾಗೇ" ಅಂದಳು ಅಮ್ಮ. ಇವತ್ತಿನವರೆಗೂ ನಾವಿಬ್ಬರೂ ಆ ವಿಷಯ ಮಾತಾಡಿಲ್ಲ.

ರಷ್ಯಾದ ಕವಿ ಜೋಸೆಫ್ ಬ್ರಾಡ್‌ಸ್ಕಿ ನನಗೆ ಆಗಾಗ ನೆನಪಾಗೋದು ಇದಕ್ಕೇ. 1987ರಲ್ಲಿ ನೊಬೆಲ್ ಬಂದವನು. ಅವನು ಬೆಳೆದದ್ದು ಲೆನಿನ್‌ಗ್ರಾದಿನಲ್ಲಿ, ಹಲವು ಸಂಸಾರಗಳು ಒಂದೇ ಅಡುಗೆಮನೆ ಹಂಚಿಕೊಂಡಿದ್ದ ಸರ್ಕಾರಿ ವಠಾರದಲ್ಲಿ. ಅಪ್ಪ, ಅಮ್ಮ, ಮಗ ಮೂರು ಜನಕ್ಕೆ ಸಿಕ್ಕಿದ್ದು ಒಂದೂವರೆ ರೂಮು. ಆ ಅರ್ಧ ರೂಮನ್ನ ತನ್ನದು ಮಾಡಿಕೊಳ್ಳೋಕೆ ಹುಡುಗ ನಡುವೆ ಬಟ್ಟೆ ಕಪಾಟುಗಳನ್ನ ಅಡ್ಡ ನಿಲ್ಲಿಸಿದ, ಮೇಲೆ ಸೂಟ್‌ಕೇಸುಗಳನ್ನ ಪೇರಿಸಿದ. ಒಂದು ಕಪಾಟಿನ ಬೆನ್ನಿನ ಹಲಗೆ ಕಿತ್ತ. ಅವನ ಹತ್ತಿರ ಹೋಗಬೇಕಾದವರು ಕಪಾಟಿನ ಬಾಗಿಲು ತೆಗೆದು ಅದರೊಳಗಿಂದ ದಾಟಿ ಹೋಗಬೇಕು. 1972ರಲ್ಲಿ ಸರ್ಕಾರ ಅವನನ್ನ ದೇಶದಿಂದ ಕಳಿಸಿತು. ಮಗನನ್ನ ಒಂದ್ಸಲ ನೋಡಿ ಬರ್ತೀವಿ ಅಂತ ಅಪ್ಪ ಅಮ್ಮ ಮತ್ತೆ ಮತ್ತೆ ಅರ್ಜಿ ಹಾಕಿದರು, ಬಿಡಲಿಲ್ಲ. 1983ರಲ್ಲಿ ಅಮ್ಮ, 1984ರಲ್ಲಿ ಅಪ್ಪ ತೀರಿಕೊಂಡರು. ಅದಾದ ಮೇಲೆ ಅವನು ಆ ಒಂದೂವರೆ ರೂಮಿನ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದ. ಕಪಾಟಿನ ಗೋಡೆಯ ಒಂದೊಂದು ವಿವರವೂ ಅದರಲ್ಲಿದೆ. ಅಪ್ಪ ಅಮ್ಮನಿಂದ ಮರೆ ಬೇಕು ಅಂತ ಕಟ್ಟಿದ ಗೋಡೆ ಅದು. ಸಮುದ್ರದ ಆಚೆ ಕೂತು ನೆನೆಸಿಕೊಳ್ಳುವಾಗ ಆ ಗೋಡೆಯ ಆಚೆ ಬದಿಗೆ ಅವರಿಬ್ಬರೂ ಇದ್ದರು ಅನ್ನೋದೇ ಅವನಿಗೆ ದೊಡ್ಡದಾಗಿ ಕಂಡಿರಬೇಕು.

ನಮ್ಮ ಊರಲ್ಲಿ ಸುದ್ದಿ ಬೇರೆ ಥರ ಹಬ್ಬಿತು. ಕಾರ್ತೀಕದಲ್ಲಿ ಚಿಕ್ಕಮ್ಮ ಫೋನ್ ಮಾಡಿ ಅಮ್ಮನ ಹತ್ತಿರ ಮಾತಾಡ್ತಾ ಇದ್ದರು. ಫೋನು ಸ್ಪೀಕರಲ್ಲಿತ್ತು. ಕಿವಿಗೆ ಅಡ್ಡ ಇಲ್ಲ ಅಂತ ಆಗಲೇ ಹೇಳಿದೆನಲ್ಲ. "ಅಲ್ಲ ಕಣಕ್ಕಾ, ಹೆತ್ತ ತಾಯಿನ ಬೀರು ಹಿಂದೆ ಮಲಗಿಸಿದ್ದಾಳಂತೆ ನಿನ್ನ ಮಗಳು?"

ನಾನು ಈ ಕಡೆ ಸೊಪ್ಪು ಬಿಡಿಸ್ತಾ ಇದ್ದೆ. ಕೈ ನಿಂತಿತು.

"ಯಾರು ಹೇಳಿದ್ದು ನಿಂಗೆ?" ಅಂದಳು ಅಮ್ಮ. "ಬೀರು ಹಿಂದೆ ಇರೋದು ಅವರು. ನಾನು ಬೀರು ಮುಂದೆ ಮಲಗಿದ್ದೀನಿ. ಬಾಗಿಲು ನನ್ನ ಕಡೆ ಇದೆ."

ಮೊನ್ನೆ ಮೇಲಿನ ಮನೆಯ ಹುಡುಗಿ ಟೇಪು ಹಿಡಿದುಕೊಂಡು ಬಂದಿದ್ದಳು. ಅವರ ಮನೆಗೆ ಮಾವ ಬರ್ತಾರಂತೆ, ಅವರದ್ದೂ ನಮ್ಮ ಥರದ್ದೇ ಹಾಲು. ಆಚಾರ್ರ ನಂಬರ್ ಕೊಟ್ಟೆ. ದಾರಿಗೆ ಎರಡೂವರೆ ಅಡಿಗಿಂತ ಕಮ್ಮಿ ಬಿಡಬೇಡ, ಓನರ್ ಹತ್ತಿರ ಮೊದಲೇ ಕೇಳು, ಬೋಲ್ಟು ಹಾಕಿಸದೆ ನಿಲ್ಲಿಸಬೇಡ ಅಂತ ಹೇಳಿದೆ. ಬಾಗಿಲು ಯಾವ ಕಡೆ ಇಟ್ಟರೆ ಒಳ್ಳೇದು ಅಕ್ಕಾ ಅಂದಳು. ಅದನ್ನ ನಿಮ್ಮ ಮಾವನ್ನೇ ಕೇಳಮ್ಮ ಅಂದೆ. ಅವಳು ಬೀರುವಿನ ಬೆನ್ನಿಗೆ ಟೇಪು ಹಿಡಿದು ಅಳೀತಾ ಇದ್ದಳು. ಮೇಲಿನ ಮೂರಡಿ ದಾಟಿ ಅಮ್ಮನ ಧ್ವನಿ ಬಂತು:

"ಅಳೆದದ್ದು ಸಾಕು ಕಣೇ, ಆ ಹುಡುಗಿಗೆ ಕಾಫಿ ಕೊಟ್ಯಾ?"